ಸ್ಕ್ರೋಲ್ ಲಾಕ್ ದೀಪ

ನಿಮ್ಮ ಕೀಬೋರ್ಡಿನಲ್ಲಿ ಸ್ಕ್ರೋಲ್ ಲಾಕ್ ಅಂತ ಒಂದು ಕೀಲಿ ಇದೆಯಾ ನೋಡಿ. ಲ್ಯಾಪ್‌ಟಾಪ್ ಆದರೆ ಬಹುಶಃ ಇರಲ್ಲ. ಇದ್ದರೂ ಅದನ್ನ ಕೊನೇ ಸಲ ಯಾವಾಗ ಒತ್ತಿದ್ರಿ ಅಂತ ನೆನಪಿರಲ್ಲ. ನಾನು ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟರ್ ಆಗಿ ಸಂಬಳ ತಗೋತಿದ್ದೀನಿ. ಆ ಕೀಲಿಯಿಂದ ಒಬ್ಬರ ಹೊಟ್ಟೆಪಾಡು ನಡೆಯುತ್ತೆ ಅಂತ ನನಗೆ ಗೊತ್ತಾಗಿದ್ದು ಮಾತ್ರ ಮೊನ್ನೆ ಮೊನ್ನೆ, ಗುಬ್ಬಿಯ ಒಂದು ಟೈಪಿಂಗ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತಿದ್ದಾಗ.

ಅಂಗಡಿ ನಮ್ಮ ಚಿಕ್ಕಪ್ಪನದು. ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಜೆರಾಕ್ಸ್ ಮಷೀನು, ಗೋಡೆಗೆ ಸಿದ್ಧಗಂಗೆ ಸ್ವಾಮೀಜಿಯವರ ಕ್ಯಾಲೆಂಡರ್. ಖಾತೆ ಬದಲಾವಣೆ ಅರ್ಜಿ, ಬಾಡಿಗೆ ಕರಾರು, ಅಫಿಡವಿಟ್, ಕೊಬ್ಬರಿ ವ್ಯಾಪಾರದ ಲೆಕ್ಕ, ಮದುವೆ ಪತ್ರಿಕೆಯ ಕರಡು, ಏನಿದ್ದರೂ ಕೂತು ಕುಟ್ಟಿ ಕೊಡ್ತಾರೆ. ಮೊದಲು ಕನ್ನಡ ಟೈಪ್‌ರೈಟರ್ ಇತ್ತು. ಆಮೇಲೆ ಕಂಪ್ಯೂಟರ್ ಬಂತು, ಜೊತೆಗೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂತು. ಇಪ್ಪತ್ತು ವರ್ಷದಿಂದ ಅವರ ಬೆರಳು ನುಡಿಯಲ್ಲೇ ಓಡಾಡ್ತಿದೆ. ಕೀಬೋರ್ಡ್ ನೋಡಲ್ಲ, ಪರದೆಯನ್ನೂ ಅಷ್ಟಾಗಿ ನೋಡಲ್ಲ. ಪಕ್ಕದಲ್ಲಿರೋ ಕಾಗದ ನೋಡ್ಕೊಂಡು, ಎದುರಿಗೆ ಕೂತವರ ಹತ್ತಿರ ಮಳೆ ಬೆಳೆ ಮಾತಾಡ್ಕೊಂಡು ಹೊಡೀತಾ ಹೋಗ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳ ಅವಧಿ ಮುಗೀತು. ಚಿಕ್ಕಪ್ಪನ ಮಷೀನು ಹಳೇದು. ವಿಂಡೋಸ್ 11 ಕೇಳೋ ಟಿಪಿಎಂ 2.0 ಅದರಲ್ಲಿಲ್ಲ. ಹೊಸದು ತಗೊಳ್ಳೋಣ ಅಂದರೆ ಆ ವರ್ಷ ಮಗನ ಫೀಸು ಕಟ್ಟಿದ್ದರು. ನನಗೆ ಇಂಥ ಅವಕಾಶ ಸಿಕ್ಕರೆ ಕೇಳಬೇಕಾ? ಕಾಲೇಜಿನ ದಿನಗಳಿಂದ ಲಿನಕ್ಸ್ ಹುಚ್ಚು. ತುಮಕೂರಲ್ಲಿ ಇಂಜಿನಿಯರಿಂಗ್ ಓದುವಾಗ ಉಬುಂಟುವಿನವರು ಕಾಸಿಲ್ಲದೆ ಪೋಸ್ಟ್‌ನಲ್ಲಿ ಮನೆಗೆ ಸಿಡಿ ಕಳಿಸ್ತಿದ್ದರು. 2011ರಲ್ಲಿ ಅದನ್ನ ನಿಲ್ಲಿಸಿದರು. ನನ್ನ ಹತ್ತಿರ ಆ ಲಕೋಟೆ ಇನ್ನೂ ಇದೆ. "ಚಿಕ್ಕಪ್ಪ, ನಾನು ಲಿನಕ್ಸ್ ಹಾಕ್ಕೊಡ್ತೀನಿ. ಒಂದು ರೂಪಾಯಿ ಖರ್ಚಿಲ್ಲ, ವೈರಸ್ ಕಾಟ ಇಲ್ಲ" ಅಂದೆ. "ನೀನು ಹೇಳಿದ್ಮೇಲೆ ಆಯ್ತು ಕಣವ್ವ" ಅಂದರು.

ಒಂದು ಭಾನುವಾರ ತುಮಕೂರಿಂದ ಬಸ್ಸು ಹತ್ತಿ, ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಗೆ ಹೋಗಿ ಇನ್ಸ್ಟಾಲ್ ಮಾಡಿದೆ. ಹಳೇ ಮಷೀನು ಎರಡು ಪಟ್ಟು ಚುರುಕಾಯ್ತು. ಫಾಂಟ್‌ಗಳ ಪಟ್ಟಿ ತೋರಿಸಿದಾಗ ಅದರಲ್ಲಿ 'ಗುಬ್ಬಿ' ಅಂತ ಇತ್ತು. "ನಮ್ಮೂರ ಹೆಸ್ರೇ ಇಟ್ಟವ್ರಲ್ಲ!" ಅಂತ ಚಿಕ್ಕಪ್ಪ ಕಣ್ಣರಳಿಸಿದರು. ಲಿನಕ್ಸ್‌ನಲ್ಲಿ ಕನ್ನಡಕ್ಕೆ ಗುಬ್ಬಿ, ನವಿಲು ಅಂತ ಎರಡು ಮುಕ್ತ ಫಾಂಟ್‌ಗಳಿವೆ. ಜೊತೆಯಲ್ಲಿ ನವಿಲು ಇರೋದು ನೋಡಿದರೆ ಇದು ಊರಲ್ಲ, ಹಕ್ಕಿ ಇರಬೇಕು ಅಂದೆ. "ಹಕ್ಕಿಯಾದ್ರೇನು, ಊರಾದ್ರೇನು, ಹೆಸ್ರು ನಮ್ದೇ" ಅಂದರು. ನಾನು ಖುಷಿಯಾಗಿ ತುಮಕೂರಿಗೆ ವಾಪಸ್ ಬಂದೆ. ವಾರಕ್ಕೊಂದು ಸಲ ಫೋನ್ ಮಾಡಿ "ಹೇಗಿದೆ ಚಿಕ್ಕಪ್ಪ?" ಅಂತ ಕೇಳ್ತಿದ್ದೆ. "ಚೆನ್ನಾಗಿದೆ ಕಣವ್ವ, ತುಂಬಾ ಚೆನ್ನಾಗಿದೆ" ಅಂತಿದ್ದರು.

ತಿಂಗಳಾದ ಮೇಲೆ ಚಿಕ್ಕಮ್ಮ ಫೋನಿನಲ್ಲಿ ಏನೋ ಹೇಳ್ತಾ ಬಾಯಿ ಬಿಟ್ಟರು. ಚಿಕ್ಕಪ್ಪ ದಿನಾ ರಾತ್ರಿ ಎಂಟರ ಮೇಲೆ ಪಕ್ಕದ ಬೀದಿಯ ಸ್ನೇಹಿತರ ಅಂಗಡಿಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ನುಡಿ ಹಾಕ್ಕೊಂಡು ಟೈಪ್ ಮಾಡಿ ಬರ್ತಿದ್ದಾರಂತೆ. ಅರ್ಜೆಂಟ್ ಇರೋ ಗಿರಾಕಿಗಳನ್ನ ಅಲ್ಲಿಗೇ ಕಳಿಸ್ತಿದ್ದಾರಂತೆ. "ನಿನಗೆ ಹೇಳ್ಬೇಡ ಅಂದಿದ್ರು. ಅಷ್ಟು ದೂರದಿಂದ ಬಂದು ಮಾಡ್ಕೊಟ್ಟಿದ್ದಾಳೆ, ಬೇಜಾರ್ ಮಾಡ್ಕೋತಾಳೆ ಅಂತ."

ನನಗೆ ಹೇಗಾಗಿರಬೇಡ ಹೇಳಿ. ತಪ್ಪು ಹುಡುಕೋದೇ ನನ್ನ ಕೆಲಸ. ಎಲ್ಲೋ ಕೂತಿರೋ ಗ್ರಾಹಕನ ಆ್ಯಪ್‌ನಲ್ಲಿ ಒಂದು ಬಟನ್ ಎರಡು ಪಿಕ್ಸೆಲ್ ಆಚೆ ಈಚೆ ಆದರೂ ಹಿಡಿದು ಬರೀತೀನಿ. ಚಿಕ್ಕಪ್ಪನ "ಚೆನ್ನಾಗಿದೆ"ಯನ್ನ ಮಾತ್ರ ನಂಬಿಕೊಂಡು ಆರಾಮಾಗಿದ್ದೆ. ಬಳಸೋಕಾಗದವರು ದೂರು ಕೊಡಲ್ಲ. ಸುಮ್ಮನೆ ಎದ್ದು ಪಕ್ಕದ ಬೀದಿಗೆ ಹೋಗ್ತಾರೆ.

ಮುಂದಿನ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋದೆ. "ಚಿಕ್ಕಪ್ಪ, ನಾನು ಏನೂ ಸರಿ ಮಾಡಲ್ಲ, ಏನೂ ಹೇಳ್ಕೊಡಲ್ಲ. ಸುಮ್ನೆ ಕೂತು ನೋಡ್ತೀನಿ. ನಿಮಗೆ ಎಲ್ಲೆಲ್ಲಿ ಕಿರಿಕಿರಿ ಆಗುತ್ತೋ ಬಯ್ಕೊಂಡು ಬಿಡಿ. ಬಯ್ದಿದ್ದೆಲ್ಲ ಬರ್ಕೊತೀನಿ" ಅಂದೆ. ಮೊದಲ ಅರ್ಧ ಗಂಟೆ ಮರ್ಯಾದೆಗೆ ಸುಮ್ಮನಿದ್ದರು. ಆಮೇಲೆ ಶುರುವಾಯ್ತು.

ಮೊದಲನೇದು, ಭಾಷೆ. ನಾನು ಅಭಿಮಾನದಿಂದ ಇಡೀ ಪರದೆಯನ್ನ ಕನ್ನಡಕ್ಕೆ ಬದಲಾಯಿಸಿದ್ದೆ. ಸ್ವಯಂಸೇವಕರು ವರ್ಷಗಟ್ಟಲೆ ಕೂತು ಮಾಡಿರೋ ಅನುವಾದ ಅದು, ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಫೋಲ್ಡರ್‌ಗೆ 'ಕಡತಕೋಶ', ಪಾಸ್‌ವರ್ಡ್‌ಗೆ 'ಗುಪ್ತಪದ' ಅಂತ ಇದ್ದರೆ ಕನ್ನಡದಲ್ಲೇ ಬದುಕಿದ ಮನುಷ್ಯನೂ ಒಂದು ಕ್ಷಣ ತಡೆದು ನಿಲ್ಲಬೇಕಾಗುತ್ತೆ. ಚಿಕ್ಕಪ್ಪನಿಗೆ ಕಡತ ಅಂದರೆ ಕೆಂಪು ದಾರ ಕಟ್ಟಿರೋ ಕಾಗದದ ಕಟ್ಟು. ಒಂದು ಸಲ ಪರದೆ ಮೇಲೆ 'ಕಡತ ಕಂಡುಬಂದಿಲ್ಲ' ಅಂತ ಬಂತು. "ಮೂವತ್ತು ವರ್ಷದಿಂದ ಇದೇ ಉತ್ತರ ಕೇಳ್ತಾ ಇವ್ನಿ. ಇದೂ ಕಲ್ತ್‌ಕೊಂಡ್‌ಬುಡ್ತಾ?" ಅಂದರು. ಕಾಯ್ತಾ ಕೂತಿದ್ದ ಗಿರಾಕಿಗಳೆಲ್ಲ ನಕ್ಕರು. ಅವರ ಸಲಹೆ: ಫೈಲ್ ಅಂತ ಬರೀರಿ, ಫೋಲ್ಡರ್ ಅಂತ ಬರೀರಿ, ಕನ್ನಡ ಅಕ್ಷರದಲ್ಲೇ ಬರೀರಿ.

ಎರಡನೇದು, ಕರೆಂಟು. ನಾನಿದ್ದ ಒಂದು ದಿನದಲ್ಲೇ ಎರಡು ಸಲ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದೆ. ಲಿಬ್ರೆ ಆಫೀಸ್ ತಾನಾಗೇ ಉಳಿಸಿಕೊಳ್ಳೋದು 10 ನಿಮಿಷಕ್ಕೊಮ್ಮೆ. ಸೆಟ್ಟಿಂಗ್‌ನಲ್ಲಿ 1 ನಿಮಿಷಕ್ಕೆ ಇಳಿಸಬಹುದು, ಆದರೆ ಹಾಗೊಂದು ಸೆಟ್ಟಿಂಗ್ ಇದೆ ಅಂತ ಗೊತ್ತಿರಬೇಕಲ್ಲ. "ಹತ್ತು ನಿಮಿಷ ಅಂದ್ರೆ ಒಂದು ಪುಟ ಕಣವ್ವ. ಒಂದು ಪುಟ ಅಂದ್ರೆ ನಲವತ್ತು ರೂಪಾಯಿ" ಅಂದರು. ನಾನು ಯಾವತ್ತೂ ಆಟೋಸೇವ್‌ನ ರೂಪಾಯಿ ಲೆಕ್ಕದಲ್ಲಿ ನೋಡಿರಲಿಲ್ಲ.

ಮೂರನೇದು, ಹಳೇ ಫೈಲುಗಳು. ಇಪ್ಪತ್ತು ವರ್ಷದ ಕರಾರು, ಅರ್ಜಿಗಳ ಮಾದರಿಗಳೆಲ್ಲ ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಮಷೀನಿನಲ್ಲಿ ತೆರೆದರೆ ಕನ್ನಡದ ಬದಲು ತಲೆ ಮೇಲೆ ಕೊಂಬು, ಟೋಪಿ ಇರೋ ಇಂಗ್ಲಿಷ್ ಅಕ್ಷರಗಳು ಕಾಣ್ತವೆ. ಫಾಂಟ್ ಕಾಪಿ ಮಾಡಿಕೊಂಡರೆ ಕಾಣುತ್ತೆ, ಆದರೆ ಹೊಸದಾಗಿ ಟೈಪ್ ಮಾಡೋದು ಯೂನಿಕೋಡ್, ಎರಡೂ ಸೇರಲ್ಲ. ನಾನು ಒಂದು ಪರಿವರ್ತಕ ಹಾಕಿ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ ಹೋಗಿದ್ದೆ. ಅಲ್ಲೇ ಎಡವಟ್ಟಾಗಿದ್ದು. ಹಳೇ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ಕೆಲವು ಕಡೆ ಅರ್ಕಾವತ್ತೇ ಮಾಯ. ಒಬ್ಬರ ಕರಾರಿನಲ್ಲಿ 'ಮೂರ್ತಿ' ಹೋಗಿ 'ಮೂತಿ' ಆಗಿತ್ತು. ಅದೂ ಛಾಪಾ ಕಾಗದದ ಮೇಲೆ ಪ್ರಿಂಟಾದ ಮೇಲೆ ಗೊತ್ತಾಗಿದ್ದು. ಆ ಯಜಮಾನರು ಅಂಗಡಿ ಮುಂದೆ ನಿಂತು ಮಾಡಿದ ಮಂಗಳಾರತಿಯನ್ನ ಚಿಕ್ಕಮ್ಮ ಅಭಿನಯಿಸಿ ತೋರಿಸಿದರು. ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಆ ಕಾಗದದ ದುಡ್ಡು ಚಿಕ್ಕಪ್ಪನೇ ಕೊಟ್ಟಿದ್ದರು. ನನಗೆ ಹೇಳಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹಳೇ ಸಲಹೆಗಳು ನೆನಪಾದವು. ಕಾಲೇಜಿನಲ್ಲಿ ಲಿನಕ್ಸ್ ಹೇಗಿರಬೇಕು ಅಂತ ನಾವೆಲ್ಲ ಎಷ್ಟು ಜಗಳ ಆಡಿದ್ದೀವಿ! 2010ರ ಏಪ್ರಿಲ್‌ನಲ್ಲಿ ಬಂದ ಉಬುಂಟು 10.04ರಲ್ಲಿ ಕಿಟಕಿ ಮುಚ್ಚೋ ಗುಂಡಿಗಳನ್ನ ಬಲಗಡೆಯಿಂದ ಎಡಗಡೆಗೆ ಹಾಕಿದರು. ಲೋಕದ ತುಂಬಾ ಗಲಾಟೆ, ನಮ್ಮ ಹಾಸ್ಟೆಲಿನಲ್ಲೂ ಗಲಾಟೆ. ಗುಂಡಿಗಳು ವಾಪಸ್ ಬಲಗಡೆಗೆ ಬಂದಿದ್ದು 2017ರ ಅಕ್ಟೋಬರ್‌ನಲ್ಲಿ. ನಮ್ಮ ಸಲಹೆಗಳೆಲ್ಲ ಹೀಗೇ: ಐಕಾನ್ ದುಂಡಗಿರಬೇಕಾ, ವಾಲ್‌ಪೇಪರ್ ನೇರಳೆ ಯಾಕೆ, ಮೆನು ಮೇಲಿರಬೇಕಾ ಕೆಳಗಿರಬೇಕಾ.

ಸಲಹೆ ಕೇಳೋರೇ ಇರಲಿಲ್ಲ ಅಂತಲ್ಲ. 2009ರಲ್ಲಿ ಉಬುಂಟು 'ನೂರು ಪೇಪರ್ ಕಟ್' ಅಂತ ಒಂದು ಕೆಲಸ ಕೈಗೆತ್ತಿಕೊಂಡಿತ್ತು. ಕಾಗದದ ಅಂಚು ತಾಗಿ ಬೆರಳು ಕುಯ್ದುಕೊಳ್ಳುತ್ತಲ್ಲ, ಅಂಥ ಸಣ್ಣ ಗಾಯಗಳ ಪಟ್ಟಿ ಮಾಡಿ, ಸುಲಭವಾಗಿ ಸರಿಹೋಗೋದನ್ನ ಒಂದೊಂದಾಗಿ ಸರಿಪಡಿಸೋದು. ಕೇಳಿದ ಎಷ್ಟೋ ವರ್ಷಕ್ಕೆ ಸಿಕ್ಕಿದ್ದೂ ಇದೆ. ಫೈಲ್ ಆರಿಸೋ ಕಿಟಕಿಯಲ್ಲಿ ಫೋಟೋಗಳ ಚಿಕ್ಕ ಚಿತ್ರ ಕಾಣಿಸಲಿ ಅಂತ ಗ್ನೋಮ್‌ನವರನ್ನ ಬಳಕೆದಾರರು ಕೇಳಿದ್ದು 2004ರಲ್ಲಿ. ಅದು ಕೈಗೆ ಬಂದಿದ್ದು 2023ರ ಮಾರ್ಚ್‌ನಲ್ಲಿ, ಗ್ನೋಮ್ 44ರಲ್ಲಿ. ಕೇಳಿದಾಗ ಹುಟ್ಟಿದ ಮಗು ಅಷ್ಟೊತ್ತಿಗೆ ವೋಟು ಹಾಕೋ ವಯಸ್ಸಿಗೆ ಬಂದಿತ್ತು. ಆದರೂ ಯಾರೋ ಕೇಳಿದ್ದರು, ಎಲ್ಲೋ ಬರೆದಿಟ್ಟಿದ್ದರು, ಅದಕ್ಕೇ ಒಂದಿನ ಆಯ್ತು. ಚಿಕ್ಕಪ್ಪನ ಬೆರಳಿನ ಗಾಯ ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿ ಇಂಗ್ಲಿಷಿನಲ್ಲಿರುತ್ತೆ. ಚಿಕ್ಕಪ್ಪ ಬಯ್ಯೋದು ಗುಬ್ಬಿ ಕನ್ನಡದಲ್ಲಿ.

ಊಟ ಆದಮೇಲೆ ನಾಲ್ಕನೇ ಗಾಯ ಸಿಕ್ಕಿತು. ಅದೇ ದೊಡ್ಡದು.

ಚಿಕ್ಕಪ್ಪ ಟೈಪ್ ಮಾಡ್ತಾ ಮಾಡ್ತಾ ಇದ್ದಕ್ಕಿದ್ದ ಹಾಗೆ ಎಡಗೈಯಲ್ಲಿ ಹಣೆ ಚಚ್ಚಿಕೊಂಡರು. ಪರದೆ ನೋಡಿದರೆ ಮೂರು ಸಾಲು ಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಕನ್ನಡಕ್ಕೆ ಬದಲಾಗಿದೆ ಅಂದುಕೊಂಡು ಹೊಡೆದಿದ್ದಾರೆ, ಬದಲಾಗಿರಲಿಲ್ಲ. "ಮೇಲೆ ಮೂಲೇಲಿ ಅಕ್ಷರ ತೋರಿಸುತ್ತಲ್ಲ ಚಿಕ್ಕಪ್ಪ, ಯಾವ ಭಾಷೆ ಅಂತ" ಅಂದೆ. "ಯಾರವ್ವ ನೋಡ್ತಾರೆ ಅದನ್ನ? ನುಡೀಲಿ ದೀಪ ಇತ್ತು" ಅಂದರು.

ದೀಪ! ನುಡಿಯಲ್ಲಿ ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಕನ್ನಡದಲ್ಲಿದ್ದಾಗ ಕೀಬೋರ್ಡಿನ ಮೂಲೆಯಲ್ಲಿ ಸಣ್ಣ ಹಸಿರು ದೀಪ ಉರೀತಿರುತ್ತೆ. ಪರದೆ ನೋಡದೆ ಕಾಗದ ನೋಡಿಕೊಂಡು ಟೈಪ್ ಮಾಡೋರಿಗೆ ಓರೆಗಣ್ಣಿಗೆ ಆ ದೀಪ ಕಂಡರೆ ಸಾಕು. ಇಪ್ಪತ್ತು ವರ್ಷ ಅವರು ನಡೆಸಿದ್ದು ಆ ಬೆಳಕಿನಲ್ಲಿ. ನಾನು ಅದನ್ನ ಆರಿಸಿ ಹೋಗಿದ್ದೆ.

ಹುಡುಕಿದೆ. ಲಿನಕ್ಸ್‌ನ ಕೀಬೋರ್ಡ್ ಆಯ್ಕೆಗಳ ಆಳದಲ್ಲಿ, ಯಾರೂ ಇಣುಕದ ಒಂದು ಉದ್ದ ಪಟ್ಟಿಯಲ್ಲಿ ಎರಡೂ ಇದ್ದವು: ಸ್ಕ್ರೋಲ್ ಲಾಕ್‌ನಿಂದ ಭಾಷೆ ಬದಲಿಸು, ಎರಡನೇ ಭಾಷೆಯಲ್ಲಿದ್ದಾಗ ಸ್ಕ್ರೋಲ್ ಲಾಕ್ ದೀಪ ಹಚ್ಚು. ಲೋಕದ ಯಾವುದೋ ಮೂಲೆಯಲ್ಲಿ ಚಿಕ್ಕಪ್ಪನಂಥವರೇ ಯಾರೋ ಇದನ್ನ ಹಿಂದೆಯೇ ಕೇಳಿ ಮಾಡಿಸಿಕೊಂಡಿದ್ದಾರೆ! ಎರಡಕ್ಕೂ ಟಿಕ್ ಹಾಕಿದೆ. ದೀಪ ಹತ್ತಿತು. ಚಿಕ್ಕಪ್ಪನ ಮುಖ ನೋಡಬೇಕಿತ್ತು.

ಆ ಖುಷಿ ಎರಡು ನಿಮಿಷ. ಸ್ವರದಿಂದ ಶುರುವಾಗೋ ಒಂದು ಪದ ಹೊಡೆಯೋಕೆ ಹೋದರೆ ಮೊದಲ ಅಕ್ಷರವೇ ನೆಟ್ಟಗೆ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ. ನುಡಿಯ ಕೀಲಿಮಣೆ ಜಾಣ. ಪದದ ಶುರುವಿನಲ್ಲಿ ಸ್ವರದ ಕೀಲಿ ಒತ್ತಿದರೆ ಪೂರ್ತಿ ಅಕ್ಷರ, ವ್ಯಂಜನದ ನಂತರ ಅದೇ ಕೀಲಿ ಒತ್ತಿದರೆ ಗುಣಿತ. ಇಕಾರದ ಕೀಲಿ ಒಂದೇ, ಅದರಿಂದ 'ಇಲಿ'ಯ ಇ ಕೂಡ ಬರುತ್ತೆ, ಲಿ ಕೂಡ ಬರುತ್ತೆ. ಲಿನಕ್ಸ್‌ನಲ್ಲಿ ಗಣಕ ಪರಿಷತ್ತಿನ ವಿನ್ಯಾಸ ಎರಡು ರೂಪದಲ್ಲಿ ಸಿಗುತ್ತೆ. ಒಂದು 'ಕಗಪ' ಅಂತ ಕೀಬೋರ್ಡ್ ಪಟ್ಟಿಯಲ್ಲೇ ಇರೋದು. ಅದಕ್ಕೆ ಹಿಂದೆ ಯಾವ ಅಕ್ಷರ ಬಂತು ಅಂತ ತಿಳಿಯಲ್ಲ, ಹಾಗಾಗಿ ಪೂರ್ತಿ ಸ್ವರ ಬೇಕಾದರೆ ಇನ್ನೊಂದು ಕೀಲಿ ಜೊತೆಗೆ ಒತ್ತಬೇಕು. ಇನ್ನೊಂದು ರೂಪ ಐಬಸ್ ಅನ್ನೋ ಬೇರೆ ವ್ಯವಸ್ಥೆಯ ಮೂಲಕ ಬರುತ್ತೆ, ಬೇರೆಯಾಗಿ ಇನ್ಸ್ಟಾಲ್ ಮಾಡಬೇಕು. ಅದು ನುಡಿಯಂತೇ ಜಾಣ. ಆದರೆ ಅದರಲ್ಲಿ ಭಾಷೆ ಬದಲಾದರೆ ದೀಪಕ್ಕೆ ಸುದ್ದಿ ಮುಟ್ಟಲ್ಲ.

ಅಂದರೆ, ಒಂದರಲ್ಲಿ ದೀಪ ಇದೆ, ಬುದ್ಧಿ ಇಲ್ಲ. ಇನ್ನೊಂದರಲ್ಲಿ ಬುದ್ಧಿ ಇದೆ, ದೀಪ ಇಲ್ಲ. ಎರಡನ್ನೂ ಮಾಡಿದವರು ಒಳ್ಳೆ ಮನಸ್ಸಿನಿಂದ ಕೆಲಸ ಮಾಡಿದ್ದಾರೆ, ಎರಡೂ ಬೇರೆ ಬೇರೆಯಾಗಿ ಸರಿಯಾಗೇ ಇವೆ. ಒಬ್ಬ ಟೈಪಿಸ್ಟ್ ಎರಡನ್ನೂ ಒಟ್ಟಿಗೆ ಬಳಸ್ತಾನೆ ಅನ್ನೋದು ಮಾತ್ರ ಅವರ ಕಿವಿಗೆ ಬಿದ್ದಿಲ್ಲ. ನಾನೊಂದು ಸಣ್ಣ ಸ್ಕ್ರಿಪ್ಟ್ ಬರೆದು ಚಿಕ್ಕಪ್ಪನ ಮಷೀನಿಗೆ ಮಾತ್ರ ತೇಪೆ ಹಾಕಬಹುದಿತ್ತು. ಅದಕ್ಕೆ ಮನಸ್ಸಾಗಲಿಲ್ಲ. ಮುಂದಿನ ಅಪ್‌ಡೇಟ್‌ಗೆ ತೇಪೆ ಕಿತ್ತುಹೋಗುತ್ತೆ, ಆಗ ಅವರು ಮತ್ತೆ "ಚೆನ್ನಾಗಿದೆ ಕಣವ್ವ" ಅಂತಾರೆ.

ಮಾರನೇ ದಿನ ಭಾನುವಾರ ಕುಣಿಗಲ್‌ಗೆ ಹೋಗೋದಿತ್ತು. ಅಲ್ಲಿರೋ ಅಕ್ಕನ ಮಗಳಿಗೆ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಇದೇ ಲಿನಕ್ಸ್ ಹಾಕಿ ಕೊಟ್ಟಿದ್ದೆ. ಎಂಟನೇ ಕ್ಲಾಸು. ಗುಬ್ಬಿಯಲ್ಲಿ ಪಾಠ ಕಲಿತಿದ್ದರಿಂದ "ಹೇಗಿದೆ?" ಅಂತ ಕೇಳಲಿಲ್ಲ, ಪಕ್ಕದಲ್ಲಿ ಕೂತೆ. ಸ್ಕೂಲಿಗೆ ಕುಣಿಗಲ್ ಕೆರೆ ಬಗ್ಗೆ ಪ್ರಬಂಧ ಬರೀತಿದ್ದಳು. ಶೀರ್ಷಿಕೆಯಲ್ಲೇ 'ಕುನಿಗಲ್ ಕೆರೆ' ಅಂತ ಬಂದಿತ್ತು. ಅವಳು ನುಡಿ ಗಿಡಿ ನೋಡಿಲ್ಲ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡ ಬರುತ್ತಲ್ಲ, ಅಷ್ಟೇ ಗೊತ್ತು. ಫೋನು ಊಹೆ ಮಾಡಿ ಸರಿಯಾದ ಣಕಾರ ಕೊಡುತ್ತೆ. ಇಲ್ಲಿ ಣ ಬೇಕಾದರೆ ಎನ್ ಅಕ್ಷರವನ್ನ ಶಿಫ್ಟ್ ಒತ್ತಿ ಹೊಡೀಬೇಕು. ಅದನ್ನ ಅವಳಿಗೆ ಯಾರೂ ಹೇಳಿಲ್ಲ, ಪರದೆಯೂ ಹೇಳಲ್ಲ. "ನಮ್ಮೂರ ಹೆಸ್ರೇ ಬರಲ್ಲ ಚಿಕ್ಕಮ್ಮ ಇದ್ರಲ್ಲಿ" ಅಂದಳು. ಅಲ್ಲಿ ಗುಬ್ಬಿಯಲ್ಲಿ ಊರ ಹೆಸರು ನೋಡಿ ಕಣ್ಣರಳಿಸಿದ್ದರು, ಇಲ್ಲಿ ಊರ ಹೆಸರೇ ಬರ್ತಿಲ್ಲ. ನಾನು ಶಿಫ್ಟ್ ತೋರಿಸಿದೆ. "ಇಷ್ಟೇನಾ? ಅದನ್ನ ಅಲ್ಲೇ ಬರೆದಿಟ್ಟಿದ್ರೆ ಆಗ್ತಿತ್ತು" ಅಂದಳು. ಅದಕ್ಕಿಂತ ಒಳ್ಳೆ ಸಲಹೆ ನಾನು ಕೇಳಿಲ್ಲ. ಅದನ್ನೂ ಪಟ್ಟಿಗೆ ಸೇರಿಸಿದೆ.

ಚಿಕ್ಕಪ್ಪನಿಗೆ ಬೇಕಾದ ಕನ್ನಡ ಬೇರೆ, ಈ ಹುಡುಗಿಗೆ ಬೇಕಾದ ಕನ್ನಡ ಬೇರೆ. ಇನ್ಸ್ಟಾಲ್ ಮಾಡುವಾಗ 'ಕನ್ನಡ' ಅಂತ ಒಂದು ಟಿಕ್ ಹಾಕಿ, ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆನಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಇಲ್ಲಿಯವರೆಗೆ ಕನ್ನಡವನ್ನ ಯಾವುದರಲ್ಲಿ ಟೈಪ್ ಮಾಡ್ತಿದ್ರಿ, ನುಡಿಯಲ್ಲೋ ಫೋನಿನಲ್ಲೋ? ನಾನೂ ಕೇಳಲಿಲ್ಲ, ಇನ್ಸ್ಟಾಲರ್ ಕೂಡ ಕೇಳಲ್ಲ.

ಸೋಮವಾರ ಬೆಳಗ್ಗೆ ತುಮಕೂರಿಂದ ಬೆಂಗಳೂರಿಗೆ ಹೋಗೋ ರೈಲಿನಲ್ಲಿ ಕೂತು ಬರೆಯೋಕೆ ಶುರು ಮಾಡಿದೆ. ಅದೃಷ್ಟಕ್ಕೆ ಸೀಟು ಸಿಕ್ಕಿತ್ತು. ಆಫೀಸಿಗೆ ಬರೆಯೋ ಹಾಗೇ ಬರೆದೆ: ಏನು ಮಾಡಿದೆವು, ಏನಾಗಬೇಕಿತ್ತು, ಏನಾಯ್ತು. ಯಾವ ಆವೃತ್ತಿ, ಯಾವ ಕೀಬೋರ್ಡು. ಒಂದು ವರದಿಯಲ್ಲಿ ಒಂದೇ ವಿಷಯ. 'ಲಿನಕ್ಸ್‌ನಲ್ಲಿ ಕನ್ನಡ ಸರಿಯಿಲ್ಲ' ಅಂತ ಬರೆದರೆ ಯಾರೂ ಏನೂ ಮಾಡೋಕಾಗಲ್ಲ. 'ಈ ಕೀಲಿ ಒತ್ತಿದರೆ ಈ ದೀಪ ಹತ್ತಲ್ಲ' ಅಂತ ಬರೆದರೆ ಎಲ್ಲೋ ಯಾರೋ ಒಬ್ಬರು ಸಂಜೆ ಕೂತು ನೋಡಬಹುದು. ಯಶವಂತಪುರ ಬರೋ ಹೊತ್ತಿಗೆ ಮೊದಲನೇದು ಮುಗೀತು. ಕೊನೆಗೆ ಒಂದು ಸಾಲು ಸೇರಿಸಿದೆ: ಇದು ನನ್ನ ಸಲಹೆಯಲ್ಲ, ಇಪ್ಪತ್ತು ವರ್ಷದಿಂದ ಕನ್ನಡ ಟೈಪ್ ಮಾಡ್ತಿರೋ ಒಬ್ಬರದು, ಅವರಿಗೆ ಇಂಗ್ಲಿಷ್ ಬರಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಯಾವ ದೇಶದವರೋ, ತುಂಬಾ ವಿನಯದಿಂದ ಒಂದು ಪ್ರಶ್ನೆ ಕೇಳಿದ್ದರು. ಸ್ಕ್ರೋಲ್ ಲಾಕ್ ಈಗಲೂ ಯಾರಾದರೂ ಬಳಸ್ತಾರಾ? ಹೊಸ ಕೀಬೋರ್ಡುಗಳಲ್ಲಿ ಆ ಕೀಲಿಯೇ ಇರಲ್ಲವಲ್ಲ?

ಚಿಕ್ಕಪ್ಪನಿಗೆ ಫೋನ್ ಮಾಡಿ, ಕೀಬೋರ್ಡಿನ ಒಂದು ಫೋಟೋ ಹತ್ತಿರದಿಂದ ತೆಗೆದು ಕಳಿಸಿ ಅಂದೆ. "ಯಾಕವ್ವ, ಏನಾಯ್ತು?" ಅಂದರು. "ಅವರು ನಿಮ್ಮ ಸಲಹೆ ಓದಿದ್ದಾರೆ, ಕೇಳ್ತಿದ್ದಾರೆ" ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. "ತಡಿ, ಧೂಳು ಒರೆಸಿ ತೆಗೀತೀನಿ" ಅಂದರು.

ಫೋಟೋ ಬಂತು. ಎಲ್ಲ ಕೀಲಿಗಳ ಮೇಲೂ ಅಕ್ಷರ ಕಾಣ್ತಿತ್ತು, ಕೆಲವು ಮಾಸಿದ್ದವು. ಸ್ಕ್ರೋಲ್ ಲಾಕ್ ಮೇಲೆ ಮಾತ್ರ ಏನೂ ಇರಲಿಲ್ಲ. ಸವೆದು ನುಣ್ಣಗಾಗಿ, ನಡುವೆ ಬೆರಳಿನಗಲ ಹೊಳೀತಿತ್ತು.

ಏನೂ ಬರೆಯದೆ ಅದೊಂದನ್ನೇ ಉತ್ತರಕ್ಕೆ ಲಗತ್ತಿಸಿದೆ. ದೀಪ ಇನ್ನೂ ಹತ್ತಿಲ್ಲ. ಸದ್ಯಕ್ಕೆ ಚಿಕ್ಕಪ್ಪ ಬುದ್ಧಿ ಇರೋ ಕೀಲಿಮಣೆಯಲ್ಲೇ ಟೈಪ್ ಮಾಡ್ತಿದ್ದಾರೆ. ಪ್ರತಿ ಸಲ ಶುರು ಮಾಡೋ ಮುಂಚೆ ಒಂದು 'ಕ' ಹೊಡೆದು, ಕನ್ನಡದಲ್ಲಿ ಬಂತಾ ಅಂತ ನೋಡಿ ಅಳಿಸ್ತಾರೆ. ರಾತ್ರಿ ಪಕ್ಕದ ಬೀದಿಗೆ ಹೋಗೋದು ನಿಂತಿದೆ ಅಂತ ಚಿಕ್ಕಮ್ಮ ಹೇಳಿದರು. ಚಿಕ್ಕಪ್ಪನನ್ನ ಕೇಳಿದರೆ "ಚೆನ್ನಾಗಿದೆ ಕಣವ್ವ" ಅಂತಾರೆ. ಅದಕ್ಕೇ ಈಗ ತಿಂಗಳಿಗೊಂದು ಶನಿವಾರ ಹೋಗಿ ಆ ಸ್ಟೂಲ್ ಮೇಲೆ ಕೂರ್ತೀನಿ.